ಕಿಡಿ ಕಾಯುವ ಅತ್ತೆ

ಒಬ್ಬಳೇ ಮಗಳನ್ನು ಹೆತ್ತ ಆ ಹೆಂಗಸಿಗೆ ಕೆಲಸದ ಜಾಗದ ತುಂಬ ಅಳಿಯಂದಿರು. ನಿಜವಾದ ಅಳಿಯ ಒಬ್ಬನೇ, ಅವನು ವೆಲ್ಡರ್. ಮದುವೆಯಾದ ಮೇಲೆ ಅವನು ಎಲ್ಲರೆದುರಿಗೂ ಆಕೆಯನ್ನು ಅತ್ತೆ ಎಂದು ಕರೆದದ್ದೇ ತಡ, ಗ್ಯಾಸ್ ಕಟರ್ ಹಿಡಿಯುವವನು, ಕ್ರೇನ್ ನಡೆಸುವವನು, ಬೋಲ್ಟ್ ಬಿಗಿಯುವವರು, ಕೊನೆಗೆ ಆಕೆಗಿಂತ ವಯಸ್ಸಿನಲ್ಲಿ ಹಿರಿಯನಾದ ಮೇಸ್ತ್ರಿಯೂ ಅತ್ತೆ ಎನ್ನತೊಡಗಿದರು. ಮೊದಮೊದಲು ಆಕೆಗೆ ಮುಜುಗರವಾಯಿತು. ಆಮೇಲೆ ಅದೇ ಹೆಸರಾಗಿ ನಿಂತುಬಿಟ್ಟಿತು.

"ನನ್ನ ಮಗಳಿಗೆ ಒಬ್ಬ ಗಂಡನೇ ಸಾಕಾಗಿ ಹೋಗಿದೆ. ನೀವೆಲ್ಲ ಯಾವ ಕಡೆಯಿಂದ ಬಂದ್ರಿ?" ಎಂದು ಆಕೆ ಕೇಳಿದರೆ ಕ್ರೇನಿನವನು, "ಊಟಕ್ಕೆ ಕರೀಬೇಡಿ ಅತ್ತೆ, ಬೈಗುಳದಲ್ಲಿ ಮಾತ್ರ ಪಾಲು ಕೊಡಿ," ಎನ್ನುತ್ತಿದ್ದ. ಅದನ್ನು ಆಕೆ ಧಾರಾಳವಾಗಿ ಕೊಡುತ್ತಿದ್ದಳು.

ಅತ್ತೆಯ ಕೆಲಸ ಕಿಡಿ ಕಾಯುವುದು. ಊರ ಅಂಚಿನಲ್ಲಿ ಸರಕು ತುಂಬಿಡುವ ದೊಡ್ಡದೊಂದು ಗೋದಾಮು ಏಳುತ್ತಿತ್ತು. ಇಟ್ಟಿಗೆಯದಲ್ಲ, ಪೂರಾ ಕಬ್ಬಿಣದ್ದು. ಕಂಬ ನಿಲ್ಲಿಸಿ, ಕಂಬದ ತಲೆಯ ಮೇಲೆ ತೊಲೆ ಕೂರಿಸಿ, ಎರಡಕ್ಕೂ ಬೆಸುಗೆ ಹಾಕುವುದು ಮೇಲೆ ಹತ್ತಿದವರ ಕೆಲಸ. ಬೆಸುಗೆ ಎಂದ ಮೇಲೆ ಕಿಡಿ. ಮೇಲಿನಿಂದ ನೋಡುವವರಿಗೆ ಅದು ಬಿದ್ದ ಕೂಡಲೇ ಆರಿಹೋದಂತೆ ಕಾಣುತ್ತದೆ. ಅದು ಆರುವುದಿಲ್ಲ, ಅಡಗುತ್ತದೆ. ಗೋಣಿಯ ಮಡಿಕೆಯಲ್ಲಿ, ಹಲಗೆಯ ಸಂದಿನಲ್ಲಿ, ಗ್ರೀಸು ಒರೆಸಿ ಎಸೆದ ಬಟ್ಟೆಯಲ್ಲಿ ಕಳ್ಳನ ಹಾಗೆ ಕೂತಿದ್ದು, ಎಲ್ಲರೂ ಮನೆಗೆ ಹೋದ ಮೇಲೆ ಮೆಲ್ಲಗೆ ತಲೆ ಎತ್ತುತ್ತದೆ. ಅದಕ್ಕೇ ಒಬ್ಬರು ಕೆಳಗೆ ಕೂತು ಕಾಯಬೇಕು. ಕೆಲಸ ಶುರುವಾಗುವ ಮೊದಲು ಉರಿಯುವಂಥದ್ದನ್ನೆಲ್ಲ ದೂರ ಸಾಗಿಸಬೇಕು, ಸಾಗಿಸಲಾಗದ್ದಕ್ಕೆ ಬೆಂಕಿ ಹತ್ತದ ಹೊದಿಕೆ ಹೊದಿಸಬೇಕು. ಕೆಲಸ ನಡೆಯುವಾಗ ಕಿಡಿ ಬಿದ್ದಲ್ಲೆಲ್ಲ ಕಣ್ಣಿಡಬೇಕು. ಕೆಲಸ ನಿಂತ ಮೇಲೂ ಅರ್ಧ ಗಂಟೆ ಅಲ್ಲೇ ಇರಬೇಕು. ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು, ಕೆಂಪು ಬಣ್ಣದ ಬೆಂಕಿ ಆರಿಸುವ ಸಿಲಿಂಡರು, ಕೊರಳಲ್ಲೊಂದು ಸೀಟಿ. ಆಕೆಯ ಸಂಸಾರ ಇಷ್ಟೇ.

ಈ ಕೆಲಸಕ್ಕೆ ಆಕೆ ಯಾವ ಶಾಲೆಯಲ್ಲೂ ಕಲಿತು ಬಂದವಳಲ್ಲ. ಗಂಡ ಗ್ಯಾಸ್ ಕಟರ್ ಹಿಡಿದು ಕಬ್ಬಿಣ ಕೊಯ್ಯುತ್ತಿದ್ದವನು. ಅವನ ಅಂಗಿ ಹೊಲಿದು ಹೊಲಿದೇ ಆಕೆ ಕಿಡಿಯ ನಡೆ ಕಲಿತದ್ದು. ತೋಳಿನಲ್ಲಿ ತೂತು ಬಿದ್ದಿದ್ದರೆ ಇವತ್ತು ನಿಂತು ಕೊಯ್ದಿದ್ದಾನೆ, ಎದೆಯ ಮೇಲೆ ಬಿದ್ದಿದ್ದರೆ ಮಲಗಿ ಕೊಯ್ದಿದ್ದಾನೆ, ಬೆನ್ನಲ್ಲಿ ಬಿದ್ದಿದ್ದರೆ ಮೇಲೆ ಇನ್ಯಾರೋ ಕೆಲಸ ಮಾಡುತ್ತಿದ್ದರು, ಇವನು ಅವರ ಕೆಳಗೆ ಹೋಗಿ ನಿಂತಿದ್ದಾನೆ. ಬಾಗಿಲು ದಾಟುವ ಮೊದಲೇ "ಯಾರ ಕಾಲಡಿ ನಿಂತಿದ್ದೆ ಇವತ್ತು?" ಎಂದು ಕೇಳಿದರೆ ಗಂಡ ತಬ್ಬಿಬ್ಬಾಗುತ್ತಿದ್ದ. ತನ್ನ ಹಿಂದೆ ಗೂಢಚಾರರನ್ನು ಬಿಟ್ಟಿದ್ದಾಳೆ ಎಂದು ಸ್ನೇಹಿತರ ಹತ್ತಿರ ಹೇಳಿಕೊಂಡು ನಗುತ್ತಿದ್ದನಂತೆ. ಅವನು ಹೋದದ್ದು ಕೆಲಸದಲ್ಲಲ್ಲ, ಮನೆಯಲ್ಲಿ, ಜ್ವರ ಬಂದು, ಹಾಸಿಗೆಯ ಮೇಲೆ. ಕಾಲು ಒತ್ತಿಸಿಕೊಳ್ಳುತ್ತಲೇ ಹೋದ ಎಂದು ಆಕೆ ಹೇಳುವಾಗ ದುಃಖ ಇರುತ್ತಿತ್ತು, ದೂರು ಇರುತ್ತಿರಲಿಲ್ಲ.

ಮಗಳು ಆಗ ಚಿಕ್ಕವಳು. ಮೇಸ್ತ್ರಿ ಆಕೆಯನ್ನು ಕರೆದು ಕಬ್ಬಿಣದ ಪುಡಿ ಗುಡಿಸುವ ಕೆಲಸಕ್ಕೆ ಹಾಕಿದ. ಗುಡಿಸುತ್ತ ಗುಡಿಸುತ್ತ ವರ್ಷಗಳು ಹೋದವು. ಒಂದು ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಆಕೆ ಮೂಗು ಎತ್ತಿ, ಬಟ್ಟೆ ಸುಟ್ಟ ವಾಸನೆ ಬರುತ್ತಿದೆ ಎಂದಳು. ನಿನ್ನ ಬುತ್ತಿ ಸೀದಿರಬೇಕು ನೋಡು ಎಂದು ಯಾರೋ ಛೇಡಿಸಿದರು. ಆಕೆ ತುತ್ತು ಬಿಟ್ಟು ಎದ್ದು, ನಾಯಿ ನೆಲ ಮೂಸುವ ಹಾಗೆ ಮೂಸುತ್ತ ಹೋಗಿ, ಹಲಗೆಯ ರಾಶಿ ಎತ್ತಿ ಹಾಕಿ, ಅಡಿಯಿಂದ ಒಂದು ಗೋಣಿ ಎಳೆದಳು. ಹೊರಗೆ ಹೊಗೆಯಿಲ್ಲ, ಒಳಗೆ ಕೆಂಡ. ಒಂದು ಮಾರು ಆಚೆ ಬಣ್ಣದ ಡಬ್ಬಗಳು. ನಗುತ್ತಿದ್ದವರ ಬಾಯಲ್ಲಿದ್ದ ಅನ್ನ ಬಾಯಲ್ಲೇ ಉಳಿಯಿತು. ಮರುದಿನ ಮೇಸ್ತ್ರಿ ಕಸಬರಿಕೆ ಕಿತ್ತುಕೊಂಡು ಸೀಟಿ ಕೊಟ್ಟ.

ಆ ಸೀಟಿಗೆ ಒಂದು ಕಟ್ಟುಪಾಡು ಇತ್ತು. ಅದನ್ನು ಊದಿದರೆ ಮೇಲಿದ್ದವರು ಯಾರೇ ಆಗಲಿ ಕೈಯಲ್ಲಿದ್ದದ್ದನ್ನು ನಿಲ್ಲಿಸಿ ಕೆಳಗಿಳಿಯಬೇಕು. ಯಾಕೆ ಎಂದು ಮೇಲಿನಿಂದ ಕೂಗಿ ಕೇಳುವ ಹಾಗಿಲ್ಲ. ಇಳಿದ ಮೇಲೆ ಊದಿದವಳು ಎಲ್ಲರೆದುರಿಗೆ ಕಾರಣ ಹೇಳಬೇಕು. ಕಾರಣ ಸಣ್ಣದಾದರೂ ಬೈಯುವ ಹಾಗಿಲ್ಲ. ಒಮ್ಮೆ ಆಕೆ ಸೀಟಿ ಊದಿ ಎಲ್ಲರನ್ನೂ ಇಳಿಸಿದ್ದು ಒಂದು ಬೆಕ್ಕಿಗಾಗಿ. ಅದು ಹೊದಿಕೆಯ ಅಡಿಯಲ್ಲಿ ಮರಿ ಹಾಕಿತ್ತು. ಆ ದಿನವೂ ಮೇಸ್ತ್ರಿ ತುಟಿ ಬಿಗಿಹಿಡಿದು ಸುಮ್ಮನಿದ್ದ. ಕೂತು ಉಣ್ಣುವ ಕೆಲಸ ಎಂದು ಕ್ರೇನಿನವನು ಕೆಣಕುವುದಿತ್ತು. "ನಾವು ಅದಲು ಬದಲು ಮಾಡ್ಕೊಳ್ಳೋಣ ಅತ್ತೆ, ನೀವು ಕ್ರೇನು ಹತ್ತಿ." "ಬೇಡಪ್ಪ, ನೀನು ಕೂತ ಕಡೆ ನಿದ್ದೆ ಹೋಗ್ತೀಯ. ಕ್ರೇನಲ್ಲೇ ಮಲಗು, ಸೀಟಾದ್ರೂ ಮೆತ್ತಗಿದೆ," ಎಂದು ಆಕೆ ಮರಳು ಕೆದಕುತ್ತಿದ್ದಳು.

ಅಳಿಯನನ್ನು ಮಗಳೇ ಮೆಚ್ಚಿ ತಂದದ್ದು. ಅಮ್ಮನಿಗೆ ಮಧ್ಯಾಹ್ನದ ಬುತ್ತಿ ಕೊಡಲು ಬರುತ್ತಿದ್ದವಳು ಅಮ್ಮನ ಮುಖ ನೋಡುವುದಕ್ಕಿಂತ ಹೆಚ್ಚಾಗಿ ಮೇಲೆ ನೋಡುತ್ತಿದ್ದಳು. ಬೆಸುಗೆಯ ಬೆಳಕನ್ನು ಬರಿಗಣ್ಣಿನಲ್ಲಿ ನೋಡಬೇಡ, ಕಣ್ಣಿಗೆ ಮರಳು ತುಂಬಿದ ಹಾಗೆ ಉರಿಯುತ್ತದೆ ಎಂದು ಅಮ್ಮ ಹೇಳಿದರೂ ಕೇಳಲಿಲ್ಲ. ಒಂದು ಸಂಜೆ ಕಣ್ಣು ಕೆಂಪು ಮಾಡಿಕೊಂಡು, ನೀರು ಸುರಿಸುತ್ತ ಕೂತಾಗ ತಾಯಿಗೆ ವಿಷಯ ಪೂರ್ತಿ ಅರ್ಥವಾಯಿತು. ಹುಡುಗ ಒಳ್ಳೆಯವನು. ಅವನು ಹಾಕಿದ ಬೆಸುಗೆ ಜಡೆ ಹೆಣೆದ ಹಾಗೆ ಒಂದೇ ಸಮ ಇರುತ್ತಿತ್ತು. ಮದುವೆಯ ಮಾತುಕತೆಯಲ್ಲಿ ಅವನೇ ಹೇಳಿದ, ಅತ್ತೆ ಬೇರೆ ಮನೆ ಮಾಡುವುದು ಬೇಡ, ನಮ್ಮಲ್ಲೇ ಇರಲಿ ಎಂದು. ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಮೆಟ್ಟಿಲು ಕಡಿದಾದದ್ದು. ಅಡಿಗೆಯ ಒಲೆಯ ಪಕ್ಕದ ಕಿಟಕಿಯಿಂದ ಎದುರು ಮನೆಯ ಬಟ್ಟೆ ಒಣಹಾಕುವ ತಂತಿ ಕಾಣುತ್ತಿತ್ತು. ಆ ಕಿಟಕಿಯ ಕೆಳಗೆ ಆಕೆಯ ಹಾಸಿಗೆ. ಅಲ್ಲಿ ಆಕೆ ಸುಖವಾಗಿದ್ದಳು. ಮಗಳು ಬೈಯುವುದಕ್ಕೂ ಅಳಿಯ ನಗಿಸುವುದಕ್ಕೂ ಇದ್ದರೆ ಇನ್ನೇನು ಬೇಕು ಎನ್ನುತ್ತಿದ್ದಳು.

ಅಳಿಯನದು ಒಂದೇ ಹಟ. ಕೆಲಸದ ಮಾತು ಹೊಸಲು ದಾಟಬಾರದು. ಅತ್ತೆ ಅಳಿಯ ಇಬ್ಬರೂ ಒಂದೇ ಕಡೆ ದುಡಿಯುವವರು, ಮನೆಗೆ ಬಂದೂ ಅದನ್ನೇ ಮಾತಾಡಿದರೆ ಹೆಂಡತಿ ಗೋಡೆಯ ಜೊತೆ ಮಾತಾಡಬೇಕಾಗುತ್ತದೆ ಎಂದು ಅವನೇ ಮಾಡಿದ ಕಟ್ಟು. ಎಲ್ಲರಿಗೂ ಅದು ಸರಿ ಎಂದೇ ಕಂಡಿತ್ತು.

ಹೀಗಿರುವಾಗ ಒಂದು ದಿನ, ಗೋದಾಮಿನ ನಡುವಿನ ಎತ್ತರದ ತೊಲೆಗೆ ಬೆಸುಗೆ ನಡೆದಿತ್ತು. ಅಳಿಯ ಮೇಲೆ, ಅತ್ತೆ ಕೆಳಗೆ. ಕಿಡಿ ಕಾಯುವವಳು ನೆಲ ನೋಡಬೇಕೇ ಹೊರತು ಆಕಾಶ ನೋಡಬಾರದು ಎಂಬುದು ಆಕೆಯ ಅಭ್ಯಾಸ. ಆದರೆ ಆ ಹೊತ್ತಿಗೆ ಅಳಿಯ ಸುಟ್ಟು ಗಿಡ್ಡವಾದ ಬೆಸುಗೆ ಕಡ್ಡಿಯನ್ನು ತೆಗೆದು ಹೊಸದು ಸಿಕ್ಕಿಸುತ್ತಿದ್ದ. ಬೆಳಕು ಆರಿತ್ತು. ಗಾಳಿ ಬೀಸಿ ಏನೋ ಅಲ್ಲಾಡಿದಂತಾಯಿತು, ಆಕೆ ತಲೆ ಎತ್ತಿದಳು.

ಎತ್ತರದಲ್ಲಿ ನಿಲ್ಲುವ ಪ್ರತಿಯೊಬ್ಬನ ಮೈಗೂ ಬೆಲ್ಟು ಇರುತ್ತದೆ. ಬೆಲ್ಟಿನ ಬೆನ್ನಿನಿಂದ ಒಂದು ಹಗ್ಗ, ಹಗ್ಗದ ತುದಿಗೆ ಕೊಕ್ಕೆ. ಕೊಕ್ಕೆಯನ್ನು ಗಟ್ಟಿಯಾದ ಕಬ್ಬಿಣಕ್ಕೆ ಹಾಕಿಕೊಳ್ಳಬೇಕು, ಕಾಲು ಜಾರಿದರೆ ಹಗ್ಗ ಹಿಡಿಯುತ್ತದೆ. ಅಳಿಯನ ಬೆನ್ನಿನಿಂದ ಹಗ್ಗ ಇಳಿದದ್ದು ಕೆಳಗಿನಿಂದ ದಿನವೂ ಕಾಣುತ್ತಿತ್ತು. ಅದು ತೊಲೆಯ ಹಿಂದೆ ಹೋಗಿ ಎಲ್ಲೋ ಸಿಕ್ಕಿಕೊಂಡಿದೆ ಎಂದೇ ಎಲ್ಲರೂ ನಂಬಿದ್ದರು. ಈಗ ಗಾಳಿಗೆ ಅದು ಜೋಕಾಲಿಯ ಹಾಗೆ ತೂಗಿತು. ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. ಹಗ್ಗ ಬೆನ್ನಿನಿಂದ ಹೊರಟು, ಒಂದು ಸುತ್ತು ಬಂದು, ಸೊಂಟಕ್ಕೇ ಮರಳಿತ್ತು. ಕೊಕ್ಕೆ ಅವನದೇ ಬೆಲ್ಟಿನ ಬಳೆಗೆ ಸಿಕ್ಕಿಕೊಂಡಿತ್ತು.

ತನ್ನನ್ನು ತಾನೇ ಹಿಡಿದುಕೊಂಡು ನಿಂತಿದ್ದಾನೆ ಮಹರಾಯ.

ಸೀಟಿ ತಾನಾಗಿಯೇ ಬಾಯಿಗೆ ಬಂತು. ಆದರೆ ಊದಲಿಲ್ಲ. ಕೊಕ್ಕೆ ಹಾಕದವನು ಸಿಕ್ಕಿಬಿದ್ದರೆ ಮೇಸ್ತ್ರಿ ಅವನನ್ನು ಮೇಲೆ ಹತ್ತಲು ಬಿಡುವುದಿಲ್ಲ, ಕೆಳಗೆ ಸಣ್ಣಪುಟ್ಟ ತುಂಡು ಬೆಸೆಯುವ ನೆಲದ ಮೇಜಿಗೆ ಕೂರಿಸುತ್ತಾನೆ. ಅಲ್ಲಿ ಕೂರುವವರು ಹೊಸದಾಗಿ ಕಲಿಯುವವರು, ಇಲ್ಲ ಮೊಣಕಾಲು ನೋವಿನ ಮುದುಕರು. ಈ ಗುಂಪಿನಲ್ಲೇ ಕೈ ಪಳಗಿದ ವೆಲ್ಡರ್ ಎನಿಸಿಕೊಂಡವನನ್ನು, ಅದೂ ಹೆಂಡತಿಯ ತಾಯಿ, ಅದೂ ಅವನ ಸೂರಿನಡಿ ಮಲಗುವವಳು, ಎಲ್ಲರೆದುರಿಗೆ ಇಳಿಸುವುದೇ? ಆಮೇಲೆ ಆ ಮನೆಯ ಮೆಟ್ಟಿಲು ಯಾವ ಮುಖ ಹೊತ್ತು ಹತ್ತುವುದು? ಮನೆಯಲ್ಲೇ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡು ಆಕೆ ಸೀಟಿ ಕೆಳಗಿಳಿಸಿದಳು. ಅವತ್ತು ಸಂಜೆಯವರೆಗೆ ಕಿಡಿಯನ್ನೂ ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ. ಅವನ ಬೂಟಿನ ಹಿಮ್ಮಡಿಯನ್ನೇ ಕಣ್ಣು ಕೀಳದೆ ನೋಡುತ್ತ ಕೂತಳು. ಕುತ್ತಿಗೆ ಹಿಡಿದುಕೊಂಡಿತು.

ಊಟಕ್ಕೆ ಕೂತಾಗ ಆಕೆ ಮಾತು ತೆಗೆದಳು. "ನಿಮ್ಮ ಬೆಲ್ಟಿನ ಕೊಕ್ಕೆ..." ಎನ್ನುವಷ್ಟರಲ್ಲಿ ಅವನು ನಕ್ಕು, ಕೈ ಅಡ್ಡ ಮಾಡಿ, "ಅತ್ತೆ, ಹೊಸಲು," ಎಂದ. ಮಗಳೂ ನಕ್ಕಳು. ಆಕೆ ಮತ್ತೊಮ್ಮೆ ಬಾಯಿ ತೆರೆದಳು, ಅವನು ಎದುರು ಮನೆಯವರ ನಾಯಿಯ ಕಥೆ ಶುರುಮಾಡಿದ. ಆ ಕಥೆಯಲ್ಲಿ ಮಗಳು ಮುಳುಗಿಹೋದಳು, ತಾಯಿ ತಟ್ಟೆ ತೊಳೆಯಲು ಎದ್ದಳು.

ಮರುದಿನ ಅವನು ಮೇಲೆ ಹತ್ತಿ, ಅದೇ ತೊಲೆಯ ಮೇಲೆ ಕಾಲಗಲಿಸಿ ನಿಂತು, ಮುಖದ ಮೇಲೆ ಕಪ್ಪು ಗಾಜಿನ ಮುಚ್ಚಳ ಇಳಿಸಿಕೊಂಡ. ಹಗ್ಗ ಸುತ್ತು ಬಂದು ಸೊಂಟಕ್ಕೇ ಸೇರಿತ್ತು. ಕೆಳಗಿದ್ದವಳು ಒಮ್ಮೆ ಉಸಿರು ಎಳೆದುಕೊಂಡು ಊದಿದಳು. ಒಂದೇ ಊದು. ಕಟರ್ ನಿಂತಿತು, ಕ್ರೇನು ನಿಂತಿತು, ಮೇಲಿದ್ದವರೆಲ್ಲ ಸರಸರನೆ ಇಳಿದು ಬಂದು ಸುತ್ತ ನೆರೆದರು. ಮತ್ತೆ ಬೆಕ್ಕು ಬಂತಾ ಅತ್ತೆ ಎಂದು ಯಾರೋ ಕೇಳಿದರು.

"ಇವರು ಕೊಕ್ಕೆ ಹಾಕ್ಕೊಂಡಿಲ್ಲ," ಎಂದಳು ಅತ್ತೆ. "ತಮ್ಮ ಬೆಲ್ಟಿಗೇ ಸಿಕ್ಕಿಸ್ಕೊಂಡಿದಾರೆ."

ಅಲ್ಲಿ ನಗು ಏಳಲಿಲ್ಲ. ಮೇಸ್ತ್ರಿ ಅಳಿಯನನ್ನು ಹಿಂದಕ್ಕೆ ತಿರುಗಿಸಿ ನೋಡಿ, ನೆಲದ ಮೇಜು ತೋರಿಸಿದ. ಅಳಿಯ ಅತ್ತೆಯತ್ತ ಒಮ್ಮೆ ನೋಡಿದ. ಕೋಪದ ನೋಟವಾಗಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಗುರುತೇ ಇಲ್ಲದವರನ್ನು ನೋಡುವ ಹಾಗೆ ನೋಡಿದ.

ಅಂದಿನಿಂದ ಮಾತು ನಿಂತಿತು. ನೆಲದ ಮೇಜು ಇದ್ದದ್ದು ಆಕೆಯ ಬಕೆಟ್ಟಿನ ಪಕ್ಕದಲ್ಲೇ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಕೂತು ಇಬ್ಬರೂ ಎರಡು ಊರಿನಲ್ಲಿದ್ದ ಹಾಗಿದ್ದರು. ಅವನು ತಟ್ಟೆಯಂಥ ಕಬ್ಬಿಣದ ತುಂಡುಗಳಿಗೆ ಚುಕ್ಕೆ ಬೆಸುಗೆ ಹಾಕುತ್ತಿದ್ದ. ಆಕೆ ಅವನ ಕಿಡಿಯನ್ನೂ ಕಾಯುತ್ತಿದ್ದಳು. ಮನೆಯಲ್ಲಿ ಇನ್ನೂ ಚೆನ್ನಾಗಿತ್ತು. "ನಿಮ್ಮಮ್ಮನಿಗೆ ಹೇಳು, ಕಿಟಕಿಯಿಂದ ಗಾಳಿ ಬರ್ತಾ ಇದೆ," ಎಂದು ಅವನು ಗೋಡೆ ನೋಡಿಕೊಂಡು ಹೇಳಿದರೆ, ಎದುರಿಗೇ ಕೂತ ಆಕೆ, "ಗಾಳಿ ಬರ್ಲಿ ಅಂತಾನೇ ಕಿಟಕಿ ಇಟ್ಟಿರೋದು ಅಂತ ಹೇಳಮ್ಮ," ಎನ್ನುತ್ತಿದ್ದಳು. ಅವನು ಉಪ್ಪು ಬೇಕೆಂದರೂ ಮಗಳ ಮೂಲಕ, ಆಕೆ ಚಹಾ ಆರುತ್ತಿದೆ ಎಂದರೂ ಮಗಳ ಮೂಲಕ. ಮಗಳು ತಲೆ ಚಚ್ಚಿಕೊಂಡು, ಇಬ್ಬರೂ ನನಗೊಂದು ಮಾತಿಗಿಷ್ಟು ಅಂತ ಸಂಬಳ ಕೊಡಿ ಎಂದಳು. ನಗು ಬರಬೇಕಾದ ಮಾತು, ಬರಲಿಲ್ಲ. ಆಕೆ ಕಿಟಕಿಯ ಕೆಳಗೆ ಮಲಗಿ, ಬೇರೆ ಕೋಣೆ ಬಾಡಿಗೆಗೆ ಹಿಡಿಯಬೇಕಾಗಬಹುದೇ ಎಂದು ಯೋಚಿಸಿದಳು. ಊದಿದ್ದು ತಪ್ಪು ಎಂದು ಮಾತ್ರ ಒಮ್ಮೆಯೂ ಅನಿಸಲಿಲ್ಲ. ಮೊದಲನೆಯ ದಿನ ಊದದೆ ಬಿಟ್ಟದ್ದೇ ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುತ್ತಿತ್ತು.

ರಜೆ ಬಂತು. ಮಗಳು ಬಟ್ಟೆ ಒಗೆಯುತ್ತಿದ್ದಳು. ಗಂಡನ ಕೆಲಸದ ಚೀಲ ಕೊಡವಿ ತಾ ಎಂದು ಅಮ್ಮನಿಗೆ ಹೇಳಿದಳು. ಚೀಲ ಕೊಡವಿದಾಗ ಬೆಲ್ಟು ಉರುಳಿ ಬಿತ್ತು. ಎತ್ತಿಡಲು ಹೋದ ಆಕೆಯ ಹೆಬ್ಬೆರಳಿಗೆ ಹಗ್ಗದ ಮೇಲೆ ಏನೋ ಗಟ್ಟಿಯಾಗಿ ತಾಗಿತು. ಮೇಲ್ಮೈ ನೋಡಿದರೆ ಹೊಸದರ ಹಾಗೆ. ತಿರುಗಿಸಿ ನೋಡಿದಳು. ಮೊಳದುದ್ದಕ್ಕೂ ಸಣ್ಣ ಸಣ್ಣ ತೂತು, ಒಂದೊಂದರ ಅಂಚೂ ಕರಗಿ ಮಣಿಯ ಹಾಗೆ ಗಂಟುಗಟ್ಟಿತ್ತು. ಒಂದು ಕಡೆ ಎಳೆಗಳು ಅರ್ಧಕ್ಕರ್ಧ ಕಡಿದಿದ್ದವು.

ಆಕೆ ಅಲ್ಲೇ ನೆಲದ ಮೇಲೆ ಕೂತಳು. ಗಂಡನ ಅಂಗಿ ಓದಿದವಳಿಗೆ ಈ ಹಗ್ಗ ಓದಲು ಹೊತ್ತು ಹಿಡಿಯಲಿಲ್ಲ. ಕಿಡಿ ನೇರವಾಗಿ ಬಿದ್ದದ್ದಲ್ಲ ಇದು. ತೊಲೆಯ ಕೆಳಗಿನ ಅಂಚಿಗೆ ಬಡಿದು ಹಿಂದಕ್ಕೆ ಚಿಮ್ಮಿದ್ದು. ಅವನು ಕೊಕ್ಕೆಯನ್ನು ಮೊಣಕಾಲ ಮಟ್ಟಕ್ಕೆ, ಬೆಸುಗೆಯ ಪಕ್ಕಕ್ಕೇ ಹಾಕಿಕೊಳ್ಳುತ್ತಿದ್ದ. ಹಗ್ಗ ಅವನ ಕಿಡಿಯ ದಾರಿಯಲ್ಲೇ ಜೋತುಬೀಳುತ್ತಿತ್ತು. ಅಂದರೆ ಮೊದಲು ಹಾಕಿಕೊಳ್ಳುತ್ತಿದ್ದ. ಆಮೇಲೆ ಬಿಟ್ಟಿದ್ದಾನೆ.

ಬೆಲ್ಟನ್ನು ಹಿಡಿದುಕೊಂಡು ಅವನ ಎದುರಿಗೇ ಹೋಗಿ ನಿಂತಳು. "ಇದನ್ನ ನೋಡಿದೀರಾ?"

ಅವನು ಹೆಂಡತಿಯ ಕಡೆ ತಿರುಗಿ, "ನೋಡಿದೀನಿ ಅಂತ ಹೇಳು," ಎಂದ.

"ನಾನು ಹೇಳಲ್ಲ," ಎಂದು ಮಗಳು ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಅಳಿಯ ಬೆಲ್ಟನ್ನು ಆಕೆಯ ಕೈಯಿಂದ ತೆಗೆದುಕೊಂಡ. "ಸುಟ್ಟಿದೆ ಅಂತ ಗೊತ್ತಿತ್ತು ಅತ್ತೆ," ಎಂದ. "ಹಗ್ಗ ಇದೆ ಅಂತ ನಂಬಿದ್ರೆ ಮೈ ತಾನಾಗೇ ವಾಲುತ್ತೆ. ಇಲ್ಲ ಅಂತ ಗೊತ್ತಿದ್ರೆ ಕಾಲು ಗಟ್ಟಿ ಊರಿ ನಿಲ್ತೀನಿ. ಅದಕ್ಕೆ ತೆಗೆದು ಸೊಂಟಕ್ಕೆ ಹಾಕ್ಕೊಂಡೆ."

"ಬೇರೆ ಕೇಳಬಾರದಿತ್ತಾ?"

ಕೇಳಿದ್ದನಂತೆ. ಮೊದಲಿನ ಹಗ್ಗ ಸುಟ್ಟಾಗ ಸಾಮಾನು ಕೋಣೆಯವನ ಹತ್ತಿರ ಹೋಗಿ ಕೇಳಿದ. ಅವನು ಕೊಟ್ಟ. ಅದೂ ಸುಟ್ಟಿತು. ಎರಡನೆಯ ಸಲ ಹೋದಾಗ ಬೋಲ್ಟಿನವರೆಲ್ಲ ಅಲ್ಲೇ ಸಾಲು ನಿಂತಿದ್ದರು. ಸಾಮಾನು ಕೋಣೆಯವನು ಹಗ್ಗ ಕೊಡುತ್ತ, ನೀನು ಇದನ್ನು ಬೇಯಿಸಿಕೊಂಡು ತಿನ್ನುತ್ತೀಯಾ ಎಂದು ತಮಾಷೆ ಮಾಡಿದ. ಸಾಲಿಗೆ ಸಾಲೇ ನಕ್ಕಿತು. ಕೈ ಪಳಗಿದ ವೆಲ್ಡರ್ ಎಂದು ಹೆಸರು ಇದ್ದವನು, ಕಿಡಿ ಹತೋಟಿಯಲ್ಲಿಟ್ಟುಕೊಳ್ಳಲು ಬಾರದವನು ಎನಿಸಿಕೊಂಡ. ಆ ಹಗ್ಗವೂ ಸುಟ್ಟ ಮೇಲೆ ಮೂರನೆಯ ಸಲ ಹೋಗಲು ಕಾಲು ಬರಲಿಲ್ಲ.

ಅತ್ತೆಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. "ಒಂದು ನಗುವಿಗೆ ಹೆದರಿ ಅಷ್ಟು ಎತ್ತರದಲ್ಲಿ ಬರೀ ಕಾಲ ಮೇಲೆ ನಿಂತ್ರಾ? ನಾನು ದಿನಾ ಎಲ್ಲರ ನಗು ಕೇಳ್ಕೊಂಡೇ ಕೂತಿರ್ತೀನಲ್ಲ, ನನಗೇನಾಗಿದೆ? ನನ್ನ ಮೈಯಲ್ಲೊಂದು ಗಾಯ ತೋರಿಸಿ ನೋಡೋಣ."

"ನೀವೂ ಮನೇಲೇ ಹೇಳಬಹುದಿತ್ತು. ಎಲ್ಲರೆದುರಿಗೆ ಊದಿದ್ರಿ."

"ಹೇಳೋಕೆ ಬಂದ್ರು," ಎಂದು ಒಳಗಿನಿಂದ ಮಗಳ ದನಿ ಬಂತು. "ನೀವೇ ನಾಯಿ ಕಥೆ ಹೇಳಿ ಬಾಯಿ ಮುಚ್ಚಿಸಿದ್ರಿ."

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕವನೇ ಮತ್ತೆ ಮುಖ ಗಂಭೀರ ಮಾಡಿಕೊಂಡು, "ನಾಳೆ ನಾನೇ ಮೇಸ್ತ್ರಿಗೆ ತೋರಿಸ್ತೀನಿ," ಎಂದ. ಆಕೆ ತಲೆಯಾಡಿಸಿದಳು. ಹೇಳುವುದು ಇನ್ನೊಂದಿತ್ತು. ಸೀಟಿ ಊದಿದ್ದರ ಹಿಂದಿನ ದಿನವೇ ಕಂಡಿದ್ದೂ ಊದಲಿಲ್ಲ, ಈ ಮನೆಯ ಮೆಟ್ಟಿಲು ನೆನಪಾಗಿ ಕೈ ತಡೆಯಿತು ಎಂದು ಹೇಳಿಬಿಟ್ಟಳು. ಅಳಿಯ ಇನ್ನು ಮೇಲೆ ತಡೆಯಬೇಡಿ ಎಂದಷ್ಟೇ ಹೇಳಿ, ಬಟ್ಟೆ ಹಿಂಡಲು ಹೆಂಡತಿಗೆ ಕೈ ಕೊಡಲು ಎದ್ದ.

ಮರುದಿನ ಅಳಿಯ ಆ ಹಗ್ಗವನ್ನು ಮೇಜಿನ ಮೇಲೆ ಮಲಗಿಸಿದಾಗ ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ. ಆಮೇಲೆ ವೆಲ್ಡರ್‌ಗಳನ್ನೂ ಗ್ಯಾಸ್ ಕಟರಿನವನನ್ನೂ ಕರೆದು, ನಿಮ್ಮ ನಿಮ್ಮ ಹಗ್ಗ ತಂದು ಹಾಕಿ ಎಂದ. ಒಬ್ಬೊಬ್ಬರೇ ತಂದರು. ಒಬ್ಬನದು ಸ್ವಲ್ಪ ಸುಟ್ಟಿತ್ತು, ಇನ್ನೊಬ್ಬನದು ಅಳಿಯನದಕ್ಕಿಂತಲೂ ಹೆಚ್ಚು. ಆ ಇನ್ನೊಬ್ಬ ತಲೆ ಕೆರೆದುಕೊಳ್ಳುತ್ತ, ತಾನೂ ಸೊಂಟಕ್ಕೇ ಸಿಕ್ಕಿಸಿಕೊಳ್ಳುತ್ತಿದ್ದೆ ಎಂದ. ಅವನು ಹೇಳಿದ್ದೇ ತಡ ಕಟರಿನವನೂ, ಅವನ ಹಿಂದೆ ನಿಂತವನೂ ಅದನ್ನೇ ಹೇಳಿದರು. ಸೀಟಿ ಊದಿದ ದಿನ ಯಾಕೆ ಯಾರೂ ನಗಲಿಲ್ಲ ಎಂಬುದು ಅತ್ತೆಗೆ ಆಗ ಹೊಳೆಯಿತು.

ಮೇಸ್ತ್ರಿ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಇಷ್ಟು ದಿನ ಇಷ್ಟು ಜನ ಗಾಳಿಗೆ ನೇತು ಹಾಕ್ಕೊಂಡು ನಿಂತಿದ್ರೇನ್ರಪ್ಪ?" ಎಂದ. ಅವನು ಅವತ್ತು ಯಾರನ್ನೂ ಬೈಯಲಿಲ್ಲ. ಬೋಲ್ಟಿನವರಿಗೂ ಬೆಸುಗೆಯವರಿಗೂ ಒಂದೇ ಹಗ್ಗ ಕೊಡುತ್ತ ಬಂದದ್ದು ತನ್ನ ಕಣ್ಣ ಮುಂದೆಯೇ ಎಂದು ಅವನೇ ಹೇಳಿಕೊಂಡ. ಸುಟ್ಟ ಹಗ್ಗಗಳನ್ನು ಮತ್ತೆ ಯಾರೂ ಎತ್ತಿಕೊಳ್ಳದಂತೆ ತಾನೇ ತುಂಡು ತುಂಡು ಮಾಡಿದ. ಬೇರೆ ಹಗ್ಗ ಬರುವವರೆಗೆ ಬೆಸುಗೆಯವರು ಯಾರೂ ಮೇಲೆ ಹತ್ತಬಾರದು ಎಂದ. ಸುರಕ್ಷತೆ ನೋಡಿಕೊಳ್ಳುವ ಸಾಹೇಬರು ಬಂದರು, ನೋಡಿದರು, ಬೆಸುಗೆಯವರಿಗೆಂದೇ ಮಾಡಿದ ಹಗ್ಗ ಇರುತ್ತದೆ, ಕಿಡಿಗೆ ಬೇಗ ಕರಗದ ನಾರಿನದು, ಮೇಲೆ ಚರ್ಮದ ಕವಚ, ತರಿಸುತ್ತೇನೆ ಎಂದರು. ತಂತಿಯ ಹಗ್ಗ ಆಗದೇ ಎಂದು ಕಟರಿನವನು ಕೇಳಿದ. ಬೆಸುಗೆಯ ಕರೆಂಟು ಹರಿಯುವ ಕಡೆ ತಂತಿ ಬೇಡ ಎಂದು ಅವರು ಬಿಡಿಸಿ ಹೇಳಿದರು. ಕೊಕ್ಕೆಯನ್ನು ಮೊಣಕಾಲ ಹತ್ತಿರವಲ್ಲ, ತಲೆಗಿಂತ ಮೇಲೆ ಹಾಕಬೇಕು, ಹಗ್ಗ ಕಿಡಿಯ ದಾರಿಗೆ ಬರಬಾರದು ಎಂದೂ ಹೇಳಿದರು. ಸಾಮಾನು ಕೋಣೆಯವನು ಹಿಂದೆ ನಿಂತು ಎಲ್ಲವನ್ನೂ ಕೇಳಿ, ಮಧ್ಯಾಹ್ನ ಅಳಿಯನ ಹತ್ತಿರ ಬಂದು ಚಹಾದ ಲೋಟ ಮುಂದಿಟ್ಟು ಹೋದ. ಅಷ್ಟರಲ್ಲೇ ಇಬ್ಬರ ನಡುವಿನದು ಮುಗಿಯಿತು.

ಹಗ್ಗ ಬರುವವರೆಗೆ ವೆಲ್ಡರ್‌ಗಳೆಲ್ಲ ನೆಲದ ಮೇಜಿನ ಸುತ್ತ. ಅತ್ತೆಗೆ ಕುತ್ತಿಗೆ ಎತ್ತುವ ಕೆಲಸವೇ ಇಲ್ಲ. ಕ್ರೇನಿನವನು ಮೇಲಿನಿಂದ ಕೂಗಿ, "ಅತ್ತೆ, ಒಂದು ಸೀಟಿಗೆ ಮನೆ ಅಳಿಯಂದಿರನ್ನೆಲ್ಲ ಮೂಲೆಗೆ ಕೂರಿಸಿಬಿಟ್ರಲ್ಲ," ಎಂದ. ಆಕೆ ತಲೆ ಎತ್ತದೆ, "ನೀನೊಬ್ಬ ಬಾಕಿ ಇದೀಯ, ಇಳಿದು ಬಾ," ಎಂದಳು.

ಹಗ್ಗ ಬಂತು. ಅಳಿಯ ಮೊದಲು ಹತ್ತಿದ. ನಡುವಿನ ತೊಲೆಯ ಮೇಲೆ ನಿಂತು, ಕೊಕ್ಕೆಯನ್ನು ತಲೆಯ ಮೇಲಿನ ಕಬ್ಬಿಣಕ್ಕೆ ಹಾಕಿ, ಹಗ್ಗ ಹಿಡಿದು ಒಮ್ಮೆ ಮೈಭಾರ ಬಿಟ್ಟು ಜಗ್ಗಿ ನೋಡಿದ. ಕೆಳಗಿದ್ದವಳು ಅದನ್ನು ಕಂಡಳು. ಆಮೇಲೆ ಆಕೆ ಅವನನ್ನು ನೋಡಲಿಲ್ಲ. ನೋಡಬೇಕಾದ ಅಗತ್ಯವಿರಲಿಲ್ಲ. ಕಿಡಿ ಬೀಳತೊಡಗಿತು, ಆಕೆ ನೆಲ ನೋಡತೊಡಗಿದಳು.

ಸಂಜೆ ಕೆಲಸ ನಿಂತಿತು. ಎಲ್ಲರೂ ಕೈಕಾಲು ತೊಳೆದು, ಚೀಲ ಹೆಗಲಿಗೇರಿಸಿ, ಬರ್ತೀವಿ ಅತ್ತೆ ಎಂದು ಹೊರಟರು. ಆಕೆ ಬಕೆಟ್ಟುಗಳ ನಡುವೆ ತನ್ನ ಹಲಗೆಯ ಮೇಲೆ ಕೂತಳು. ಬಿಸಿಯಾದ ಕಬ್ಬಿಣ ತಣಿಯುವಾಗ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು. ದಿನವೂ ಮೊದಲೇ ಮನೆಗೆ ಹೋಗುತ್ತಿದ್ದ ಅಳಿಯ ಅವತ್ತು ಹೋಗಲಿಲ್ಲ. ಬಂದು, ಮರಳಿನ ಬಕೆಟ್ ಸ್ವಲ್ಪ ಸರಿಸಿ, ಹಲಗೆಯ ಇನ್ನೊಂದು ತುದಿಯಲ್ಲಿ ಕೂತ. ಆಕೆಯೂ ಒಂದಿಷ್ಟು ಸರಿದಳು. ಇಬ್ಬರೂ ನೆಲ ನೋಡುತ್ತ ಕೂತರು.

"ನೀವು ಹೊರಡಿ," ಎಂದಳು ಆಕೆ. "ಅವಳು ಕಾಯ್ತಿರ್ತಾಳೆ. ತಡ ಆದ್ರೆ ಬೈತಾಳೆ."

"ಬೈದ್ರೆ ಇಬ್ಬರಿಗೂ ಒಟ್ಟಿಗೆ ಬೈಲಿ ಬಿಡಿ ಅತ್ತೆ," ಎಂದ ಅಳಿಯ. "ಅರ್ಧರ್ಧ ಹಂಚ್ಕೊಳ್ಳೋಣ."

ಆಕೆ ಆಗಲಿ ಎಂದಳು.